ಖಾಲಿ ಕಾಲಮ್ಮಿಗೆ ಏನು ಬರೀಬೇಕು

ಕಲಬುರಗಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ನೌಕರಿ ಕರೆದಾಗ ಹುಡುಗರು ಮೊದಲು ಫೀಸು ಎಷ್ಟು ಅಂತಾರೆ, ಆಮೇಲೆ ‘ನಾಟ್ ಅಪ್ಲಿಕಬಲ್’ ಎಲ್ಲಿ ಹಾಕೋದು ಅಂತಾರೆ.

ತೊಡಕು ‘ಅಪ್ಲೈ’ಯಲ್ಲೇ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಅರ್ಜಿ ಹಾಕು ಅಂತಲೂ ಅರ್ಥ, ಅನ್ವಯಿಸು ಅಂತಲೂ ಅರ್ಥ. ನಮ್ಮವರಿಗೆ ಗೊತ್ತಿರೋದು ಮೊದಲನೆಯದು. “ಅಣ್ಣಾ, ನಾ ಅದಕ್ಕ ಅಪ್ಲೈನೇ ಮಾಡಿಲ್ರಿ, ನಾಟ್ ಅಪ್ಲಿಕಬಲ್ ಹಾಕಿಬಿಡ್ರಿ” ಅಂತಾರೆ. ಆದರೆ ‘ಅಪ್ಲಿಕಬಲ್’, ಅದರ ವಿರುದ್ಧದ ‘ಇನ್‌ಅಪ್ಲಿಕಬಲ್’ ಎರಡೂ ಅನ್ವಯದ ಮಾತು. ಹಿರಿಯರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ, “ಲಾಗೂ ಇಲ್ಲ” ಅಂದರೆ ಮುಗೀತು. ನಿಜಾಮರ ಕಾಲದ ಕಚೇರಿ ಉರ್ದು ಈ ಊರಲ್ಲಿ ಇನ್ನೂ ಕೆಲಸಕ್ಕೆ ಬರ್ತದೆ.

ಹೆಚ್ಚು ಗೊಂದಲ 371(ಜೆ) ಕಾಲಮ್ಮಿನಲ್ಲಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಕೆಳಗೆ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸ್ಥಳೀಯ ವೃಂದದಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಹುದ್ದೆಗಳ ಗುಂಪಿನಲ್ಲಿ, ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80, ಗ್ರೂಪ್ ಡಿ ಹುದ್ದೆಗಳಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ಅರ್ಹತಾ ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ ಬರ್ತದೆ. ಈ ಭಾಗಕ್ಕೆ ಯಾವ ಸಂಬಂಧವೂ ಇಲ್ಲದ ಮೈಸೂರಿನವನು ಇಲ್ಲಿ ‘ನಾಟ್ ಅಪ್ಲಿಕಬಲ್’ ಅಂದರೆ ಸರಿ. ನಮ್ಮ ಜಿಲ್ಲೆಯ ಸೇಡಂನ ಹುಡುಗ ಪ್ರಮಾಣಪತ್ರ ಮಾಡಿಸಿಲ್ಲ ಅಂತ ಅದನ್ನೇ ಹಾಕಿದರೆ, ತನಗಿರುವ ಮೀಸಲಾತಿಯನ್ನು ತಾನೇ ಬೇಡ ಅಂದಹಾಗೆ. ಅವನಿಗೆ ಆ ವಿಧಿ ಲಾಗೂ ಇದೆ, ಕೈಯಲ್ಲಿ ಕಾಗದ ಇಲ್ಲ, ಅಷ್ಟೇ. ಅಂಥವನನ್ನು ನಾನು ಕೊನೇ ತಾರೀಖು ನೋಡಿ ಮೊದಲು ಆ ಕಚೇರಿಗೇ ಕಳಿಸ್ತೀನಿ.

ಹೀಗಾಗಿ ಪ್ರತಿ ಕಾಲಮ್ಮಿಗೂ ನಾನು ಒಂದೇ ಪ್ರಶ್ನೆ ಕೇಳ್ತೀನಿ: ಈ ಮಾತು ನಿನ್ನನ್ನ ಮುಟ್ತದೋ ಇಲ್ಲೋ? ಮದುವೆ ಆಗದವಳಿಗೆ ಗಂಡನ ಹೆಸರಿನ ಕಾಲಮ್ ಮುಟ್ಟೋದಿಲ್ಲ. ಗಂಡ ತೀರಿಕೊಂಡವಳಿಗೆ ಮುಟ್ತದೆ, ಹೆಸರು ಬರೀಲೇಬೇಕು. ಸಾಲ ಇಲ್ಲದವನಿಗೆ ಸಾಲದ ಕಾಲಮ್ ಮುಟ್ತದೆ, ಉತ್ತರ ‘ನಿಲ್’, ಅಂದರೆ ಏನೂ ಇಲ್ಲ. ‘ಎನ್‌ಎ’ ಅಂತ ಎರಡಕ್ಷರ ಬರೆಯೋದು ನನಗೆ ಸೇರೋದಿಲ್ಲ, ಕೆಲವರು ಅದನ್ನ ‘ನಾಟ್ ಅವೈಲೆಬಲ್’ ಅಂತಲೂ ಓದ್ತಾರೆ.

ಖಾಲಿ ಬಿಡೋದಂತೂ ಬೇಡ. ಚುನಾವಣೆಗೆ ನಿಲ್ಲುವವರು ಕೊಡುವ ನಮೂನೆ 26ರ ಅಫಿಡವಿಟ್ಟಿನಲ್ಲಿ ಯಾವ ಕಾಲಮ್ಮೂ ಖಾಲಿ ಇರಕೂಡದು, ‘ನಿಲ್’ ಅಥವಾ ‘ನಾಟ್ ಅಪ್ಲಿಕಬಲ್’ ಅಂತ ಬರೀಬೇಕು ಅಂತ ಸೂಚನೆಯೇ ಇದೆ. ಖಾಲಿ ಬಿಟ್ಟದ್ದನ್ನ ಚುನಾವಣಾಧಿಕಾರಿ ಹೇಳಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ಇಂಗ್ಲಿಷಿನಲ್ಲಿ ಪತ್ರ ಬರೆಸುವವರಿಗೆ ಇನ್ನೊಂದು ಮಾತು. “ಐ ಆಮ್ ಇನ್‌ಅಪ್ಲಿಕಬಲ್ ಫಾರ್ ದಿಸ್ ಪೋಸ್ಟ್” ತಪ್ಪು. ಮನುಷ್ಯ ಅನರ್ಹನಾದರೆ ‘ಇನ್‌ಎಲಿಜಿಬಲ್’. ‘ಇನ್‌ಅಪ್ಲಿಕಬಲ್’ ಆಗೋದು ನಿಯಮ, ಷರತ್ತು, ಕಾಲಮ್. ಮುಂದೆ ‘ಟು’ ಬರ್ತದೆ: “ದಿಸ್ ರೂಲ್ ಈಸ್ ಇನ್‌ಅಪ್ಲಿಕಬಲ್ ಟು ಮೀ.” ಮಾತಿನಲ್ಲಿ ಯಾರೂ ಇಷ್ಟು ಉದ್ದ ಎಳೆಯೋದಿಲ್ಲ, “ಡಸಂಟ್ ಅಪ್ಲೈ” ಸಾಕು.

ಕಾಗದದ ಫಾರ್ಮಿನಲ್ಲಿ “ಸ್ಟ್ರೈಕ್ ಔಟ್ ವಿಚೆವರ್ ಈಸ್ ಇನ್‌ಅಪ್ಲಿಕಬಲ್” ಅಂತಿದ್ದರೆ ಲಾಗೂ ಇಲ್ಲದ್ದರ ಮೇಲೆ ಗೆರೆ ಎಳೀರಿ. ಲಾಗೂ ಇದ್ದದ್ದಕ್ಕೆ ಟಿಕ್ ಹಾಕಿ ಉಳಿದದ್ದನ್ನ ಹಾಗೇ ಬಿಟ್ಟ ಫಾರ್ಮು ನನ್ನ ಕೈಗೆ ಬಂದರೆ, ಪೆನ್ನು ಕೊಟ್ಟು ಅವರಿಂದಲೇ ಗೆರೆ ಎಳೆಸ್ತೀನಿ.