ಹೈಸ್ಕೂಲಿನಲ್ಲಿ ಸಲಹೆ ಕೇಳುವುದು ಹೇಗೆ? ಎಂಟನೇ ಕ್ಲಾಸಿನಿಂದಲೇ ಶುರುಮಾಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನ ದಾವಣಗೆರೆಯ ಯಾವುದಾದರೂ ಹೈಸ್ಕೂಲಿಗೆ ಹೋಗಿ ನೋಡಿ. ಹೆಡ್‌ಮಾಸ್ಟರ್ ಕೋಣೆ ಮುಂದಿನ ಬೆಂಚಿನ ತುಂಬ ಅಪ್ಪ ಅಮ್ಮಂದಿರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ಆಧಾರ್, ರೇಷನ್ ಕಾರ್ಡ್, ಮಡಚಿ ಮಡಚಿ ಅಂಚು ಹರಿದ ಜಾತಿ ಪ್ರಮಾಣಪತ್ರ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಸಾರ್, ಮುಂದೆ ಏನು ಕೊಡಿಸಾದು?’

ಶಾಲೆಯಲ್ಲಿ ಮಾರ್ಗದರ್ಶನದ ಜವಾಬ್ದಾರಿ ಹೊತ್ತ ಮೇಷ್ಟ್ರಾಗಿ ಆ ಬೆಂಚಿನ ಎದುರು ನಾನು ಹಲವು ಬೇಸಿಗೆ ಕೂತವನು. ಕೇಳಿದ್ದಕ್ಕೆಲ್ಲ ಉತ್ತರ ಇರುತ್ತಿತ್ತು. ಆದರೆ ಎಷ್ಟೋ ಸಲ ಆ ಉತ್ತರಕ್ಕೆ ಬೇಕಾದ ಗಡುವು ಎರಡು ವರ್ಷದ ಹಿಂದೆಯೇ ದಾಟಿರುತ್ತಿತ್ತು. ಹಾಗಾಗಿ ಈ ಲೇಖನ ಹತ್ತನೇ ತರಗತಿಯ ಫಲಿತಾಂಶದಿಂದ ಶುರುವಾಗುವುದಿಲ್ಲ, ಏಳನೇ ತರಗತಿ ಮುಗಿಸಿದ ಮಗುವಿನಿಂದ ಶುರುವಾಗುತ್ತದೆ.

ಮೊದಲು, ಯಾರನ್ನು ಕೇಳಬೇಕು?

ಸಿಬಿಎಸ್‌ಇ ಶಾಲೆಯಾದರೆ ಕೌನ್ಸೆಲರ್ ಇರಲೇಬೇಕು ಎಂಬ ನಿಯಮವಿದೆ. ನಮ್ಮ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಬಾಗಿಲಿಗೆ ಬೋರ್ಡು ಹಾಕಿಕೊಂಡ ಕೌನ್ಸೆಲರ್ ಸಿಗುವುದು ಅಪರೂಪ. ಪಾಠ ಮಾಡುವ ಮೇಷ್ಟ್ರೊಬ್ಬರಿಗೋ ಟೀಚರೊಬ್ಬರಿಗೋ ಆ ಕೆಲಸವನ್ನೂ ವಹಿಸಿರುತ್ತಾರೆ. ಅವರು ಯಾರು ಅಂತ ಹೆಡ್‌ಮಾಸ್ಟರನ್ನು ಕೇಳಿ. ಯಾರೂ ಇಲ್ಲ ಎಂದರೆ ತರಗತಿ ಶಿಕ್ಷಕರನ್ನು ಹಿಡಿಯಿರಿ. ಇನ್ನೊಬ್ಬರಿದ್ದಾರೆ, ಜನ ಮರೆಯುವುದು ಅವರನ್ನೇ: ಕಚೇರಿಯ ಗುಮಾಸ್ತರು. ಹುಡುಗನ ಮುಂದಿನ ದಾರಿ ತೀರ್ಮಾನವಾಗುವುದರಲ್ಲಿ ಅವರ ಬೀರುವಿನ ದಾಖಲಾತಿ ರಿಜಿಸ್ಟರಿನ ಪಾಲು ನನ್ನ ಮಾತಿಗಿಂತ ಹೆಚ್ಚು.

ಪಾಠದ ಅವಧಿಯಲ್ಲಿ ಹೋಗಬೇಡಿ. ಮಧ್ಯಾಹ್ನದ ಊಟ ಮುಗಿದ ಮೇಲೋ ಸಂಜೆ ಬೆಲ್ ಆದ ಮೇಲೋ ಹೋದರೆ ಮೇಷ್ಟ್ರು ನಿಮ್ಮ ಮುಖ ನೋಡಿ ಮಾತಾಡುತ್ತಾರೆ. ಪೋಷಕರ ಸಭೆಯ ದಿನ ನೂರು ಜನರ ನಡುವೆ ಕೇಳಿದ ಪ್ರಶ್ನೆಗೆ ನೂರು ಜನರಿಗೆ ಕೊಡುವ ಉತ್ತರವೇ ಸಿಗುವುದು.

ಎಂಟನೇ ತರಗತಿಗೆ ಸೇರಿಸುವ ಮುನ್ನ

ಇಲ್ಲಿ ಸ್ವಲ್ಪ ನಿಂತು ಓದಿ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಿಂದ ಏಳನೇ ತರಗತಿ ಮುಗಿಸಿದ ಮಕ್ಕಳನ್ನು ದಾವಣಗೆರೆಗೆ ತಂದು, ಇಂಗ್ಲಿಷ್ ಮೀಡಿಯಂಗೆ ಹಾಕುವುದು ಈಗ ವಾಡಿಕೆ. ಹಾಕಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಅದರಿಂದ ಏನು ಕಳೆದುಕೊಳ್ಳುತ್ತೀರಿ ಎನ್ನುವುದು ಗೊತ್ತಿರಲಿ.

ಸಿಇಟಿ ಮೂಲಕ ಸಿಗುವ ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಸೀಟುಗಳಲ್ಲಿ ಶೇ 15ರಷ್ಟು ಗ್ರಾಮೀಣ ಮೀಸಲಾತಿ ಇದೆ. ಅದು ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ, ಹತ್ತೂ ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಏಳು ವರ್ಷ ಹಳ್ಳಿಯಲ್ಲಿ ಓದಿ ಮೂರು ವರ್ಷ ಪೇಟೆಯಲ್ಲಿ ಓದಿದ ಹುಡುಗಿಗೆ ಏಳು ವರ್ಷದ ಪಾಲು ಅಂತ ಏನೂ ಸಿಗದು. ಕನ್ನಡ ಮಾಧ್ಯಮದವರಿಗೆ ಇರುವ ಶೇ 5ರ ಮೀಸಲಾತಿಗೂ ಇದೇ ಲೆಕ್ಕ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲೂ ಕನ್ನಡ ಮಾಧ್ಯಮದವರಿಗೆ ಶೇ 5 ಇದೆ. ಎಂಟನೇ ತರಗತಿಯಲ್ಲಿ ಮಾಧ್ಯಮ ಬದಲಿಸಿದವರು ಇವೆರಡನ್ನೂ ಬಿಟ್ಟುಕೊಟ್ಟ ಹಾಗೆ. ನಾನು ಕಂಡ ಎಷ್ಟೋ ಪೋಷಕರಿಗೆ ಈ ವಿಷಯ ತಿಳಿದದ್ದು ಸಿಇಟಿ ಅರ್ಜಿ ತುಂಬುವ ಸೈಬರ್ ಸೆಂಟರಿನಲ್ಲಿ, ಮಗ ಪಿಯು ಎರಡನೇ ವರ್ಷದಲ್ಲಿದ್ದಾಗ.

ಮೀಸಲಾತಿ ಉಳಿಸಿಕೊಂಡವರು ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲೇ ಮಾಡಿಸಬೇಕು. ಶಾಲೆಯ ಮುಖ್ಯಸ್ಥರು ಸಹಿ ಮಾಡಬೇಕು, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಪ್ರೈಮರಿ ಒಂದು ತಾಲ್ಲೂಕಿನಲ್ಲಿ, ಹೈಸ್ಕೂಲು ಇನ್ನೊಂದರಲ್ಲಿ ಆಗಿದ್ದರೆ ಎರಡು ಶಾಲೆ, ಎರಡು ಬಿಇಒ ಕಚೇರಿ. ದಾವಣಗೆರೆ ತಾಲ್ಲೂಕಿನಲ್ಲೇ ಉತ್ತರ, ದಕ್ಷಿಣ ಅಂತ ಎರಡು ವಲಯ ಇರುವುದರಿಂದ ನಿಮ್ಮ ಶಾಲೆ ಯಾವುದಕ್ಕೆ ಸೇರಿದ್ದು ಎಂದು ಕೇಳಿಕೊಂಡು ಹೊರಡಿ. ಬಿಸಿಲಲ್ಲಿ ಎರಡು ಸಲ ಆಟೊ ಹತ್ತುವುದು ತಪ್ಪುತ್ತದೆ. ಹರಪನಹಳ್ಳಿ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿ ಓದುವ ಮಕ್ಕಳಿಗೆ 371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ ಅನ್ವಯಿಸುತ್ತದೆಯೇ ಎನ್ನುವುದನ್ನೂ ಈಗಲೇ ವಿಚಾರಿಸಿಡಿ.

ಎಂಟನೇ ತರಗತಿಯಲ್ಲೇ ಮಾಡಬೇಕಾದ ಇನ್ನೊಂದು ಕೆಲಸ ಎನ್‌ಎಂಎಂಎಸ್ ಪರೀಕ್ಷೆ, ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಮಗು, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗೆ ಇದ್ದರೆ ಬರೆಯಬಹುದು. ಏಳನೇ ತರಗತಿಯಲ್ಲಿ ಶೇ 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50 ಸಾಕು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಈ ಪರೀಕ್ಷೆಗೆ ಎರಡನೇ ಅವಕಾಶವಿಲ್ಲ, ಎಂಟನೇ ತರಗತಿ ದಾಟಿದರೆ ಮುಗಿಯಿತು. ‘ನಮ್ಮ ಶಾಲೆಯಿಂದ ಯಾರು ಬರೆಸುತ್ತಿದ್ದಾರೆ?’ ಎಂದು ಕೇಳುವ ಪೋಷಕರು ಇಬ್ಬರಿದ್ದರೂ ಸಾಕು, ಶಾಲೆ ಚುರುಕಾಗುತ್ತದೆ.

ರಿಜಿಸ್ಟರಿನಲ್ಲಿ ಹೆಸರು ನೋಡಿ

ಒಂಬತ್ತನೇ ತರಗತಿಯಲ್ಲಿ ಒಂದು ದಿನ ಗುಮಾಸ್ತರ ಬಳಿ ಹೋಗಿ ಮಗುವಿನ ಹೆಸರು, ತಂದೆ ತಾಯಿ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ, ಜಾತಿ ಎಲ್ಲವನ್ನೂ ಆಧಾರ್ ಪಕ್ಕ ಇಟ್ಟು ನೋಡಿ. ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಕಂಪ್ಯೂಟರಿನಲ್ಲಿ ಮಗುವಿಗೆ ಇರುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ, ವಿದ್ಯಾರ್ಥಿವೇತನಕ್ಕೂ ಮುಂದಿನ ದಾಖಲಾತಿಗೂ ಅದು ಬೇಕು. ನಮ್ಮಲ್ಲಿ ‘ಬಸವರಾಜ’, ‘ಬಸವರಾಜಪ್ಪ’, ‘ಬಸವರಾಜ್ ಕೆ.’ ಮೂರೂ ಒಬ್ಬನೇ ತಂದೆ. ಕಂಪ್ಯೂಟರಿಗೆ ಮೂವರು. ಹತ್ತನೇ ತರಗತಿಯ ನಾಮಿನಲ್ ರೋಲ್ (ಪರೀಕ್ಷೆ ಬರೆಯುವವರ ಹೆಸರಿನ ಪಟ್ಟಿ) ಬೋರ್ಡಿಗೆ ಹೋಗುವ ಮೊದಲು ತಿದ್ದುವುದು ಸುಲಭ. ಅಂಕಪಟ್ಟಿ ಅಚ್ಚಾದ ಮೇಲೆ ಹೆಸರಿಗೆ ಅಫಿಡವಿಟ್ಟು, ಅಲೆದಾಟ. ಹುಟ್ಟಿದ ದಿನಾಂಕವಾದರೆ ಕೋರ್ಟಿನ ಮೆಟ್ಟಿಲು.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಷ್ಯ. ಎಂದು ತೀರುತ್ತದೆ ಎಂದು ನೋಡಿಕೊಳ್ಳಿ.

ಹಾಜರಿ ಮತ್ತು ಆ 125 ಅಂಕ

ಎಸ್ಸೆಸ್ಸೆಲ್ಸಿ ಬರೆಯಲು ಶೇ 75 ಹಾಜರಿ ಬೇಕು. ಶಾಲೆ 200 ದಿನ ನಡೆದರೆ 150 ದಿನ ಬಂದಿರಬೇಕು. ಐವತ್ತು ದಿನ ರಜೆ ಹಾಕಬಹುದಲ್ಲ ಅನ್ನಿಸುತ್ತದೆ, ಆದರೆ ನಮ್ಮ ಕಡೆ ಅದು ಕರಗುವ ಬಗೆ ಬೇರೆ. ಮೆಕ್ಕೆಜೋಳ ಮುರಿಯುವಾಗ ಹದಿನೈದು ದಿನ, ಅಕ್ಕನ ಮದುವೆಗೆ ಎಂಟು ದಿನ, ಜ್ವರಕ್ಕೆ ಹತ್ತು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುವುದಂತೂ ಪರೀಕ್ಷೆ ತಲೆ ಮೇಲೆ ಕೂತಿರುವ ಹೊತ್ತಿಗೇ. ಮನೆಗೆ ಬಂದ ನೆಂಟರು ಒಂದು ವಾರ ಹೋಗುವುದಿಲ್ಲ, ಹುಡುಗ ಎಲ್ಲಿ ಕೂತು ಓದಬೇಕು? ಆಸ್ಪತ್ರೆಯ ಚೀಟಿ ಇದ್ದರೆ ಅದೇ ವಾರ ತರಗತಿ ಶಿಕ್ಷಕರಿಗೆ ಕೊಡಿ. ಫೆಬ್ರುವರಿಯಲ್ಲಿ ತಂದ ಆಗಸ್ಟ್ ತಿಂಗಳ ಚೀಟಿಯನ್ನು ಯಾರೂ ನಂಬುವುದಿಲ್ಲ.

ಒಟ್ಟು 625 ಅಂಕಗಳಲ್ಲಿ 125 ಆಂತರಿಕ ಅಂಕಗಳು, ಅಂದರೆ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ಇವು ವರ್ಷವಿಡೀ ನಡೆಯುವ, ಎಫ್‌ಎ ಎಂಬ ನಾಲ್ಕು ಕಿರು ಮೌಲ್ಯಮಾಪನಗಳಿಂದ ಬರುತ್ತವೆ. ಮಾರ್ಚಿನಲ್ಲಿ ರಾತ್ರಿಯಿಡೀ ಓದಿದರೆ ಇದರಲ್ಲಿ ಒಂದು ಅಂಕವೂ ಹೆಚ್ಚದು. ಪ್ರತಿ ಎಫ್‌ಎ ಆದ ಮೇಲೆ ‘ಎಷ್ಟು ಬಂತು’ ಎಂದಲ್ಲ, ‘ಯಾವ ಚಟುವಟಿಕೆ ಕೊಟ್ಟಿಲ್ಲ’ ಎಂದು ಕೇಳಿ. ಕಡಿಮೆ ಅಂಕ ಬಿದ್ದಿರುವುದಕ್ಕೆ ಕಾರಣ ಬಹಳ ಸಲ ಒಂದು ಕೊಡದ ಪ್ರಾಜೆಕ್ಟ್ ಪುಸ್ತಕ. ಪಾಸಾಗಲು 35 ಬೇಕು ಎನ್ನುವ ಹಳೇ ಲೆಕ್ಕವೂ ಬದಲಾಗಿದೆ. 2025ರ ಅಕ್ಟೋಬರಿನಲ್ಲಿ ಸರ್ಕಾರ ಒಟ್ಟಾರೆ ಶೇ 33, ಪ್ರತಿ ವಿಷಯದಲ್ಲಿ ಕನಿಷ್ಠ 30 ಎಂದು ಪ್ರಕಟಿಸಿತು.

ಓದುವ, ಬರೆಯುವ, ಕಾಣುವ, ಕೇಳುವ ತೊಂದರೆ ಇರುವ ಮಗುವಿಗೆ ಲಿಪಿಕಾರರು, ಹೆಚ್ಚುವರಿ ಸಮಯ ಸಿಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಸಮೇತ ಶಾಲೆಯ ಮೂಲಕ ಮೊದಲೇ ಕೇಳಬೇಕು.

ಕೂತು ಮಾತಾಡುವ ದಿನ

ಇದಕ್ಕೆ ಒಳ್ಳೆಯ ಕಾಲ ಹತ್ತನೇ ತರಗತಿಯ ದಸರಾ ರಜೆ ಮುಗಿದ ಮೇಲೆ. ಮಗುವನ್ನು ಕರೆದುಕೊಂಡು ಹೋಗಿ, ಆದರೆ ಮೊದಲ ಇಪ್ಪತ್ತು ನಿಮಿಷ ನೀವು ಹೊರಗಿರಿ. ನಾನು ‘ಹೋಗಿ ಒಂದು ಚಾ ಕುಡ್ಕೊಂಡು ಬನ್ನಿ’ ಎಂದು ಕಳಿಸುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು, ಬರಲಿ.

ಒಮ್ಮೆ ಹಳ್ಳಿಯಿಂದ ಒಬ್ಬ ರೈತರು ಮಗನ ಜೊತೆ ಬಂದರು. ‘ಸೈನ್ಸೇ ಕೊಡಿಸಬೇಕು ಸಾರ್, ಸಾಲ ಆದ್ರೂ ಆಗ್ಲಿ.’ ಮಗ ಬಾಯಿ ಬಿಡಲಿಲ್ಲ. ಅಪ್ಪ ಚಾಕ್ಕೆ ಹೋದ ಮೇಲೂ ಬಿಡಲಿಲ್ಲ, ತಲೆ ಎತ್ತಿ ಫ್ಯಾನನ್ನೇ ನೋಡುತ್ತ ಕೂತ. ಆ ಫ್ಯಾನು ಎತ್ತಿನಗಾಡಿಯ ಚಕ್ರದ ಹಾಗೆ ತಿರುಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಂದ: ‘ಸಾರ್, ಅದರ ಕೆಪಾಸಿಟರ್ ಹೋಗೈತಿ.’ ವಿಚಾರಿಸಿದರೆ, ಭಾನುವಾರಗಳಲ್ಲಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗುತ್ತಿದ್ದ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಪ್ಪ ಒಳಗೆ ಬಂದಾಗ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾತೆತ್ತಿದೆ. ‘ಹಂಗಾದ್ರೆ ಇವ್ನು ಎಂಜಿನಿಯರ್ ಆಗಂಗಿಲ್ಲ?’ ಆಗಬಹುದು. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರಿಗೇ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ದಾವಣಗೆರೆಯಲ್ಲೇ ಡಿಆರ್‌ಆರ್ ಪಾಲಿಟೆಕ್ನಿಕ್ ಇದೆ, ಮುಂದೆ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜೂ ಇದೇ ಊರಲ್ಲಿದೆ. ಬಸ್ ಪಾಸಿನಲ್ಲಿ ಮುಗಿಯುವ ಓದು ಎಂದಾಗ ಅವರ ಮುಖ ಸ್ವಲ್ಪ ಸಡಿಲಾಯಿತು.

ಈ ಮಾತುಕತೆಗೆ ಮಗು ಒಂದು ಹಾಳೆ ಬರೆದುಕೊಂಡು ಬಂದರೆ ಚೆನ್ನ: ಯಾವ ವಿಷಯ ಹೇಳದೆಯೇ ಓದಲು ಕೂರುತ್ತೇನೆ, ಯಾವುದಕ್ಕೆ ಹೆದರುತ್ತೇನೆ, ರಜೆಯಲ್ಲಿ ಏನು ಮಾಡುತ್ತೇನೆ. ಪೋಷಕರು ತರಬೇಕಾದದ್ದು ಒಂದೇ, ವರ್ಷಕ್ಕೆ ಎಷ್ಟು ಖರ್ಚು ಮಾಡಬಲ್ಲಿರಿ ಎಂಬ ನಿಜವಾದ ಮೊತ್ತ.

ಒಟ್ಟು ಅಂಕ ನೋಡಿ ಪಿಯು ವಿಷಯಗಳ ಕಾಂಬಿನೇಷನ್ ಆರಿಸಬೇಡಿ. ಭಾಷೆಗಳಲ್ಲಿ ಭರ್ತಿ ಅಂಕ ಬಂದು ಗಣಿತದಲ್ಲಿ ಅಂಚಿಗೆ ನಿಂತವರು ವಿಜ್ಞಾನ ತೆಗೆದುಕೊಂಡು ಪ್ರಥಮ ಪಿಯುನಲ್ಲೇ ಸೋತದ್ದನ್ನು ನೋಡಿದ್ದೇನೆ. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡರೆ ಎಂಜಿನಿಯರಿಂಗ್, ವೈದ್ಯಕೀಯ ಎರಡೂ ಬಾಗಿಲು ತೆರೆದಿರುತ್ತವೆ. ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್, ಹಾಗಾಗಿ ವೈದ್ಯಕೀಯಕ್ಕೆ ಬೇಕಾದ ನೀಟ್ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯು ಬೋರ್ಡ್ ಪರೀಕ್ಷೆಯ ಅಂಕ ಅರ್ಧ. ಹಾಗಾಗಿ ‘ಕೋಚಿಂಗ್ ಇದ್ದರೆ ಕಾಲೇಜು ನೆಪಕ್ಕೆ’ ಎನ್ನುವವರ ಮಾತು ಕೇಳಬೇಡಿ. ಸಿಎ ಮಾಡಲು ಕಾಮರ್ಸೇ ಓದಿರಬೇಕೆಂದಿಲ್ಲ, ಯಾವ ವಿಭಾಗದಲ್ಲಿ ಪಿಯು ಮಾಡಿದರೂ ಫೌಂಡೇಷನ್ ಎಂಬ ಅದರ ಮೊದಲ ಪರೀಕ್ಷೆ ಬರೆಯಬಹುದು. ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದವು, ವೆಲ್ಡರ್ ಒಂದು ವರ್ಷದ್ದು.

ಮಗು ಹೇಳಿದ್ದನ್ನೆಲ್ಲ ಸಲಹೆಗಾರರು ಪೋಷಕರಿಗೆ ಹೇಳುವುದಿಲ್ಲ, ಹೇಳಬಾರದು. ಎರಡು ವಿಷಯ ಮಾತ್ರ ಬೇರೆ. ಪ್ರಾಣಕ್ಕೆ ಅಪಾಯ ಇದೆ ಅನಿಸಿದರೆ ಮನೆಯವರಿಗೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯ ಮರ್ಯಾದೆ ಎಂದು ಮುಚ್ಚಿಡುವ ಹಾಗಿಲ್ಲ.

ಫಲಿತಾಂಶದ ವಾರ

ನಪಾಸಾದರೆ ವರ್ಷ ಹೋಯಿತು ಎಂಬ ಕಾಲ ಈಗಿಲ್ಲ. ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯಬಹುದು, 2024ರಿಂದ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅರ್ಜಿ ಹೋಗಬೇಕಾದದ್ದು ಶಾಲೆಯ ಮೂಲಕ, ಕೊನೇ ದಿನಾಂಕವೂ ಹತ್ತಿರದಲ್ಲೇ ಇರುತ್ತದೆ. ಆದ್ದರಿಂದ ಬೇಜಾರು ಎಷ್ಟೇ ಇದ್ದರೂ ಎರಡು ಮೂರು ದಿನದೊಳಗೆ ಶಾಲೆಗೆ ಹೋಗಿ. ಅಂಕದ ಬಗ್ಗೆ ಅನುಮಾನವಿದ್ದರೆ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ಆ ವಿಷಯದ ಮೇಷ್ಟ್ರಿಗೆ ತೋರಿಸಿ, ಅವರು ಹೂಂ ಅಂದರೆ ಮಾತ್ರ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ.

ಆ ವಾರ ಮಗು ಊಟ ಬಿಟ್ಟರೆ, ಮಾತು ನಿಲ್ಲಿಸಿದರೆ, ‘ನಾನು ಇಲ್ಲದಿದ್ರೆ ನಿಮಗೆ ಚಲೋ’ ಅಂತ ಏನಾದರೂ ಅಂದರೆ, ಅದನ್ನು ನಾಟಕ ಎನ್ನಬೇಡಿ. ಒಂಟಿಯಾಗಿ ಬಿಡಬೇಡಿ. 14416ಕ್ಕೆ ಕರೆ ಮಾಡಿ, ಅದು ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳೇ ನೇರವಾಗಿ ಮಾಡುವ ಸಹಾಯವಾಣಿ 1098. ಎದುರು ಕೂತು ಮಾತಾಡಬೇಕೆಂದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ನೆರೆಯವರು ಕೇಳಿದರೆ ಕಣ್ಣು ತೋರಿಸಲು ಹೋಗಿದ್ದೆವು ಎಂದರಾಯಿತು.

ಟಿಸಿ ತೆಗೆದುಕೊಳ್ಳುವಾಗ

ಕಾಲೇಜು, ಪಾಲಿಟೆಕ್ನಿಕ್ ಯಾವುದು ಎಂದು ತೀರ್ಮಾನವಾದ ಮೇಲೆಯೇ ಟಿಸಿ ತೆಗೆಯಿರಿ. ಕಿಟಕಿಯ ಬಳಿ ನಿಂತೇ ಒಂದೊಂದು ಸಾಲು ಓದಿ: ಹೆಸರು, ದಿನಾಂಕ, ಜಾತಿ, ಮಾಧ್ಯಮ. ತಪ್ಪಿದ್ದರೆ ಗುಮಾಸ್ತರು ಅಲ್ಲೇ ಇನ್ನೊಂದು ಬರೆದುಕೊಡುತ್ತಾರೆ. ಜೊತೆಗೆ ವ್ಯಾಸಂಗ ಪ್ರಮಾಣಪತ್ರವನ್ನೂ ಕೇಳಿ. ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿಸಿ, ಮೂಲಪ್ರತಿಯನ್ನು ಆ ಬಟ್ಟೆ ಅಂಗಡಿ ಕವರಿನಿಂದ ತೆಗೆದು ಒಂದು ಗಟ್ಟಿ ಫೈಲಿಗೆ ಹಾಕಿ.