ಸರ್ಚ್‌ನಿಂದ ಬಂದವರು ಓದಿದರೋ, ಇಣುಕಿ ಹೋದರೋ?

ಗೂಗಲ್ ಸರ್ಚ್‌ನಿಂದ ನಿಮ್ಮ ವೆಬ್‌ಸೈಟಿಗೆ ಎಷ್ಟು ಜನ ಬಂದರು ಎಂಬ ಲೆಕ್ಕ ನೋಡಿ ಹಿಗ್ಗುವುದು ಸುಲಭ. ಬಂದವರು ಓದಿದರೇ ಎಂಬುದು ಬೇರೆಯೇ ಲೆಕ್ಕ. ಅದಕ್ಕೆ ಗೂಗಲ್‌ನ ಎರಡು ಸಾಧನ ಸಾಕು: ಬಂದವರು ಸೈಟಿನಲ್ಲಿ ಏನು ಮಾಡಿದರು ಎಂದು ತೋರಿಸುವ ಅನಲಿಟಿಕ್ಸ್ 4, ಏನು ಹುಡುಕಿ ಬಂದರು ಎಂದು ತೋರಿಸುವ ಸರ್ಚ್ ಕನ್ಸೋಲ್.

ಮೊದಲು ಸರ್ಚ್‌ನವರನ್ನು ಬೇರ್ಪಡಿಸಿ. ಅನಲಿಟಿಕ್ಸ್‌ನಲ್ಲಿ ಲ್ಯಾಂಡಿಂಗ್ ಪೇಜ್ ವರದಿ ತೆರೆದು, ಫಿಲ್ಟರ್‌ನಲ್ಲಿ 'ಸೆಷನ್ ಡಿಫಾಲ್ಟ್ ಚಾನೆಲ್ ಗ್ರೂಪ್' ಆರಿಸಿ 'ಆರ್ಗ್ಯಾನಿಕ್ ಸರ್ಚ್' (ಜಾಹೀರಾತಲ್ಲದ ಸರ್ಚ್ ಫಲಿತಾಂಶ) ಕೊಡಿ. ಹುಡುಕಿಕೊಂಡು ಬಂದವರು ಮೊದಲು ಕಾಲಿಟ್ಟ ಪುಟಗಳಷ್ಟೇ ಉಳಿಯುತ್ತವೆ. ಇಡೀ ಸೈಟಿನ ಸರಾಸರಿಯನ್ನು ನಾನಂತೂ ನೋಡುವುದಿಲ್ಲ. ಕೆಟ್ಟ ಪುಟಗಳು ಅದರ ಮರೆಯಲ್ಲಿ ಬಚಾವಾಗುತ್ತವೆ.

ಮುಂದಿನದು ಎಂಗೇಜ್‌ಮೆಂಟ್ ರೇಟ್, ಅಂದರೆ ಒಟ್ಟು ಭೇಟಿಗಳಲ್ಲಿ ಜನ ನಿಂತು ನೋಡಿದ ಭೇಟಿಗಳ ಪಾಲು. ವರದಿಯಲ್ಲಿ ಕಾಣದಿದ್ದರೆ ಕಸ್ಟಮೈಸ್ ಮಾಡಿ ಸೇರಿಸಿಕೊಳ್ಳಿ. ಭೇಟಿ 10 ಸೆಕೆಂಡ್ ದಾಟಿದರೆ, ಇಲ್ಲವೇ ಎರಡು ಪುಟ ನೋಡಿದರೆ, ಇಲ್ಲವೇ ಮುಖ್ಯವೆಂದು ನೀವು ಗುರುತಿಸಿಟ್ಟ ಕ್ರಿಯೆ, ಅಂದರೆ 'ಕೀ ಈವೆಂಟ್' ನಡೆದರೆ ಅದು ಲೆಕ್ಕಕ್ಕೆ ಬರುತ್ತದೆ. 200 ಭೇಟಿಗಳಲ್ಲಿ 120 ಹಾಗಿದ್ದರೆ ರೇಟ್ ಶೇ 60. ಮಿಕ್ಕ ಶೇ 40 ಬೌನ್ಸ್ ರೇಟ್. ಆದರೆ 10 ಸೆಕೆಂಡ್ ಏನೇನೂ ಸಾಲದು, ಕುಕೀ ನೋಟಿಸ್ ಮುಚ್ಚುವಷ್ಟರಲ್ಲೇ ಕಳೆದಿರುತ್ತದೆ. ಸೆಟ್ಟಿಂಗ್‌ನಲ್ಲಿ 60ರವರೆಗೆ ಏರಿಸಬಹುದು. ಉದ್ದದ ಲೇಖನಗಳಿದ್ದರೆ 30 ಇಡಿ.

ಸ್ಕ್ರೋಲ್ ಲೆಕ್ಕದಲ್ಲಿ ಒಂದು ಮೋಸವಿದೆ. ಪುಟದ ಶೇ 90 ಭಾಗ ಇಳಿದಾಗ ಮಾತ್ರ ಅದು ದಾಖಲಾಗುತ್ತದೆ. ಲೇಖನದ ಕೆಳಗೆ ಲಿಂಕ್‌ಗಳ ರಾಶಿಯಿದ್ದರೆ, ಪೂರ್ತಿ ಓದಿದವರೂ ಅಲ್ಲಿಗೆ ತಲುಪುವುದಿಲ್ಲ. ಇಂಥ ಲೆಕ್ಕಗಳನ್ನು ಸೈಟಿಗೆ ಜೋಡಿಸುವ ಗೂಗಲ್ ಟ್ಯಾಗ್ ಮ್ಯಾನೇಜರ್‌ನಲ್ಲಿ, ಶೇ 50 ಇಳಿದಾಗಲೂ ದಾಖಲಾಗುವಂತೆ ಒಂದು ಟ್ರಿಗರ್ ಹಾಕಿ.

ಈಗ ಸರ್ಚ್ ಕನ್ಸೋಲ್. ರೇಟ್ ಕಡಿಮೆಯಿರುವ ಪುಟವನ್ನು ಅಲ್ಲಿ ಆರಿಸಿ, ಜನ ಏನು ಟೈಪ್ ಮಾಡಿ ಬಂದಿದ್ದಾರೆ ನೋಡಿ. ನಿಜವಾದ ಉತ್ತರ ಸಿಗುವುದು ಇಲ್ಲೇ. ಪಿಡಿಎಫ್ ಸೈಜ್ ಕಡಿಮೆ ಮಾಡುವ ಬಗ್ಗೆ ಒಂದು ಪುಟವಿದೆ ಎನ್ನಿ. ಕ್ಲಿಕ್‌ಗಳಿವೆ, ಆದರೆ ಯಾರೂ ನಿಲ್ಲುತ್ತಿಲ್ಲ. ಹುಡುಕಿದ ಪದಗಳಲ್ಲೆಲ್ಲ 'ಮೊಬೈಲ್‌ನಲ್ಲಿ' ಎಂದಿದೆ. ಲೇಖನ ಶುರುವಾಗುವುದೋ ಕಂಪ್ಯೂಟರ್‌ನಿಂದ, ಮೊಬೈಲ್ ವಿಧಾನ ಬರುವುದು ಏಳನೇ ಪ್ಯಾರಾದಲ್ಲಿ! ಅದನ್ನು ಮೇಲಕ್ಕೆ ತನ್ನಿ.

ತಿದ್ದಿದ ಮೇಲೆ ನಾಲ್ಕು ವಾರ ಬಿಟ್ಟು, ಹಿಂದಿನ ನಾಲ್ಕು ವಾರಗಳ ಜೊತೆ ಅದೇ ಫಿಲ್ಟರ್ ಹಾಕಿ ಹೋಲಿಸಿ. ಒಂದೇ ಸಾಲಿನ ಉತ್ತರ ಕೊಡುವ ಪುಟಗಳನ್ನು ಮಾತ್ರ ಈ ತಕ್ಕಡಿಗೆ ಹಾಕಬೇಡಿ. ಅಲ್ಲಿ ಎಂಟು ಸೆಕೆಂಡಿಗೆ ಎದ್ದುಹೋದವರು ಬಂದ ಕೆಲಸ ಮುಗಿಸಿಯೇ ಹೋಗಿರಬಹುದು.