ಕಾಸರಗೋಡಿಂದ ಕಂಪ್ಯೂಟರ್ ಸೈನ್ಸಿಗೆ ಅಪ್ಲೈ ಮಾಡಿದ್ದು: ನನ್ನ ಅನುಭವ

ಪ್ಲಸ್ ಟು ಓದ್ತಿರುವ ನಮ್ಮೂರಿನ ಮಕ್ಕಳು ಈಗ ಮೆಸೇಜ್ ಮಾಡ್ಲಿಕ್ಕೆ ಶುರು ಮಾಡಿದ್ದಾರೆ, ಅಕ್ಕಾ ನೀವು ಬಿಟೆಕ್‌ಗೆ ಹೇಗೆ ಅಪ್ಲೈ ಮಾಡಿದ್ದು, ಕೀಮ್ ಬರಿಯಬೇಕಾ ಸಿಇಟಿ ಬರಿಯಬೇಕಾ, ಕನ್ನಡ ಮೀಡಿಯಂನವರಿಗೆ ಆಗ್ತದಾ ಅಂತ. ಕೀಮ್ ಅಂದ್ರೆ ಕೇರಳದ ಇಂಜಿನಿಯರಿಂಗ್ ಎಂಟ್ರೆನ್ಸ್, ಸಿಇಟಿ ಅಂದ್ರೆ ಕರ್ನಾಟಕದ್ದು. ಎಲ್ಲ ಒಂದೇ ಕಡೆ ಬರ್ದಿಡ್ತೇನೆ. ನಾನು ಮುಳ್ಳೇರಿಯ ಕಡೆಯವಳು, ಹತ್ತನೇವರೆಗೆ ಪೂರಾ ಕನ್ನಡ ಮೀಡಿಯಂ, ಅಪ್ಲೈ ಮಾಡಿದ್ದು 2024ರಲ್ಲಿ, ಈಗ ಇಲ್ಲೇ ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮಾಡ್ತಿದ್ದೇನೆ.

ಮೊದಲು ಮುಖ್ಯ ವಿಷಯ. ನಮ್ಮ ಕಡೆ ಕನ್ನಡ, ತುಳು ಮನೆಮಾತಿನ ಮಕ್ಕಳಿಗೆ ಎರಡು ರಾಜ್ಯದಲ್ಲೂ ಸೀಟಿಗೆ ಹಕ್ಕುಂಟು. ಕೇರಳದಲ್ಲಿ ಇಲ್ಲಿಯವರೇ ಆದ್ದರಿಂದ, ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರು ಅಂತ. ಇದು ಎಷ್ಟೋ ಮನೆಯಲ್ಲಿ ಗೊತ್ತೇ ಇಲ್ಲ, ಗೊತ್ತಿದ್ದವರೂ ಏಪ್ರಿಲ್ ಬಂದ ಮೇಲೆ ವಿಚಾರಿಸ್ಲಿಕ್ಕೆ ಹೋಗ್ತಾರೆ, ಅಷ್ಟೊತ್ತಿಗೆ ಸಿಇಟಿಯ ಅಪ್ಲಿಕೇಶನ್ ಮುಗ್ದಿರ್ತದೆ. ನಾನು ಪರೀಕ್ಷೆ ಬರ್ದ ಸಲ ಜೆಇಇ ಮೇನ್ (ಎನ್‌ಐಟಿಗಳಿಗೆ ಸೇರ್ಲಿಕ್ಕೆ ಬರಿಯುವ ದೇಶಮಟ್ಟದ ಪರೀಕ್ಷೆ) ಅಪ್ಲಿಕೇಶನ್ ನವೆಂಬರಿನಲ್ಲೇ ಬಂದಿತ್ತು, ಕರ್ನಾಟಕದ ಸಿಇಟಿ ಜನವರಿಯಲ್ಲಿ, ಕೀಮ್ ಮಾರ್ಚ್ ಕೊನೆಗೆ. ಅಂದ್ರೆ ಪ್ಲಸ್ ಟು ಓಣಂ ರಜೆ ಕಳ್ದ ಕೂಡ್ಲೇ ಕಾಗದಪತ್ರದ ಕೆಲಸ ಶುರು ಮಾಡ್ಬೇಕು.

ಕಂಪ್ಯೂಟರೇ ಯಾಕೆ ಅಂತ ಕೆಲವರು ಕೇಳ್ತಾರೆ. ಹತ್ತನೇ ಕ್ಲಾಸಿನ ಐಟಿ ಪುಸ್ತಕದಲ್ಲಿ ಪೈಥಾನ್ ಪಾಠ ಇತ್ತಲ್ಲ, ಅದರಲ್ಲಿ ಟರ್ಟಲ್ (ನಾವು ಹೇಳಿದ ಹಾಗೆ ಚಲಿಸಿ ಗೆರೆ ಎಳೆಯುವ ಪೆನ್ನಿನ ಥರದ್ದು) ಹಿಡ್ಕೊಂಡು ಚಿತ್ರ ಬಿಡಿಸುವುದು, ಶಾಲೆಯ ಲ್ಯಾಬಿನ ಉಬುಂಟು ಕಂಪ್ಯೂಟರಿನಲ್ಲಿ. ಒಂದು ಚೌಕ ಬಿಡಿಸುವ ನಾಲ್ಕು ಸಾಲನ್ನು ಲೂಪಿನೊಳಗೆ ಹಾಕಿ ಪ್ರತಿ ಸಲ ಹತ್ತು ಡಿಗ್ರಿ ತಿರುಗಿಸಿದ್ರೆ ಸ್ಕ್ರೀನಿನಲ್ಲಿ ಹೂವಿನ ಹಾಗೆ ಬಂತು. ಅದು ಯಾಕೆ ಹಾಗೆ ಬಂತು ಅಂತ ಮನೆಗೆ ಬಂದು ಪೇಪರಿನಲ್ಲಿ ಕೋನ ಅಳೆದು ನೋಡಿದೆ, ಆ ದಿವಸವೇ ನನಗೆ ಇದೇ ಬೇಕು ಅಂತ ಆಯ್ತು. ಪ್ಲಸ್ ಒನ್ನಿಗೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಜೊತೆ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ಕಾಂಬಿನೇಶನ್ ತಗೊಂಡೆ. ಅಲ್ಲಿ ಪುಸ್ತಕ ಇಂಗ್ಲಿಷ್, ಟೀಚರ್ ವಿವರಿಸುವುದು ಮಲಯಾಳದಲ್ಲಿ, ನಾನು ನೋಟ್ಸ್ ಬರಿಯುವುದು ಕನ್ನಡದಲ್ಲಿ. ಮೊದಲ ಟರ್ಮ್ ಕಷ್ಟ ಆಗಿದ್ದು ಹೌದು, ಓಣಂ ಪರೀಕ್ಷೆ ಕಳ್ದ ಮೇಲೆ ಸರಿ ಆಯ್ತು. ಕನ್ನಡ ಮೀಡಿಯಂ ಅಂತ ಹೆದ್ರಿ ಸೈನ್ಸ್ ಬಿಡುವ ಮಕ್ಕಳನ್ನು ನೋಡುವಾಗ ನಿಜವಾಗ್ಲೂ ಬೇಜಾರಾಗ್ತದೆ, ದಯವಿಟ್ಟು ಬಿಡ್ಬೇಡಿ.

ಈಗ ಸರ್ಟಿಫಿಕೇಟ್. ಇದರಲ್ಲಿ ಸ್ವಲ್ಪ ನಿಧಾನ ಮಾಡ್ತೇನೆ ಯಾಕಂದ್ರೆ ಸೀಟು ಹೋಗುವುದು ಹೆಚ್ಚಾಗಿ ಇಲ್ಲೇ. ಕೀಮ್‌ಗೆ ನೇಟಿವಿಟಿ, ಅಂದ್ರೆ ಕೇರಳದವರು ಅನ್ನುವ ದಾಖಲೆ ಬೇಕು, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹುಟ್ಟಿದ ಊರು ಕೇರಳದ್ದು ಅಂತ ಇದ್ರೆ ಅದೇ ಸಾಕು. ಹಿಂದುಳಿದ ವರ್ಗದವರಿಗೆ ನಾನ್ ಕ್ರೀಮಿ ಲೇಯರ್ (ಆ ವರ್ಗದ ಅನುಕೂಲಸ್ಥರಲ್ಲ ಅನ್ನುವ) ಸರ್ಟಿಫಿಕೇಟ್ ಬೇಕು, ಇದರಲ್ಲಿ ಎರಡು ಥರ ಉಂಟು: ಕೀಮ್‌ಗೆ ರಾಜ್ಯದ ಶಿಕ್ಷಣದ ಉದ್ದೇಶಕ್ಕೆ ಅಂತ ವಿಲೇಜ್ ಆಫೀಸರ್ ಕೊಡುವುದು, ಜೆಇಇಗೆ ಕೇಂದ್ರದ ಫಾರ್ಮ್ಯಾಟಿನಲ್ಲಿ ತಹಶೀಲ್ದಾರ್ ಕೊಡುವುದು. ಒಂದರ ಬದಲು ಇನ್ನೊಂದು ನಡಿಯುವುದಿಲ್ಲ. ಅಕ್ಷಯ ಸೆಂಟರಿನಲ್ಲಿ (ಸರಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿ ಕೊಡುವ ಕಡೆ) ಅಪ್ಲಿಕೇಶನ್ ಹಾಕುವಾಗಲೇ ಯಾವುದಕ್ಕೆ ಅಂತ ಬಾಯಿಬಿಟ್ಟು ಹೇಳಿ, ಅವರಿಗೆ ನೂರು ಕೆಲಸ ಇರ್ತದೆ. ನಮ್ಮ ಕಡೆ ಬಿಲ್ಲವರು ಕೇರಳದಲ್ಲಿ ಈಳವ ಗುಂಪಿನಲ್ಲೇ ಬರ್ತಾರೆ, ಅದು ಗೊತ್ತಿಲ್ಲದೆ ಅಪ್ಲಿಕೇಶನ್ನಿನಲ್ಲಿ ಜಾತಿ ಹೆಸರು ಹುಡುಕಿ ಸಿಗ್ಲಿಲ್ಲ ಅಂತ ಜನರಲ್‌ಗೆ ಹಾಕಿದವರನ್ನು ನೋಡಿದ್ದೇನೆ. ಹೆಸರಿನ ಇನಿಶಿಯಲ್ ಕೂಡ ನೋಡ್ಕೊಳ್ಳಿ, ಎಸ್ಸೆಸ್ಸೆಲ್ಸಿಯಲ್ಲಿ ಒಂದಕ್ಷರ ಇರ್ತದೆ, ಆಧಾರಿನಲ್ಲಿ ಅದೇ ಇನಿಶಿಯಲ್ ಮನೆಹೆಸರಾಗಿ ಉದ್ದಕ್ಕೆ ಬಂದಿರ್ತದೆ.

ಗಡಿನಾಡಿನ ಸರ್ಟಿಫಿಕೇಟ್ ಬೇರೆ ಕಥೆ. ಅದರ ಫಾರ್ಮ್ಯಾಟ್ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಬ್ರೋಷರಿನಲ್ಲೇ ಇರ್ತದೆ, ಆದ್ರೆ ಸಹಿ ಹಾಕ್ಬೇಕಾದ್ದು ನಮ್ಮ ತಾಲೂಕಿನ ಆಫೀಸಿನಲ್ಲಿ, ಅವರಿಗೆ ಇದು ದಿನಾ ಬರುವ ಕೆಲಸ ಅಲ್ಲ. ನಾನು ಬ್ರೋಷರಿನ ಆ ಪುಟ ಪ್ರಿಂಟ್ ತೆಗ್ದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಅಂತ ಇರುವ ಸಾಲಿಗೆ ಹಳದಿ ಹೈಲೈಟರ್ ಎಳ್ದು ತಗೊಂಡು ಹೋಗಿದ್ದೆ (ಅದೇ ಸಾಲಿನಲ್ಲಿ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಕೂಡ ಉಂಟು, ಆ ಕಡೆಯವರು ಓದ್ತಿದ್ರೆ ನೋಡಿ). ಕೌಂಟರಿನಲ್ಲಿದ್ದ ಸರ್ ಮಲಯಾಳದಲ್ಲಿ ಕೇಳಿದ್ರು, ಕರ್ನಾಟಕದ ಪರೀಕ್ಷೆಗೆ ನಾವು ಯಾಕೆ ಸರ್ಟಿಫಿಕೇಟ್ ಕೊಡುವುದು ಅಂತ. ಅಪ್ಪ ಮಾತಾಡುವ ಮೊದಲೇ ನಾನು ಆ ಪುಟ ಮುಂದಿಟ್ಟು ‘ಸಾರ್, ತಾಲೂಕಿನ ಹೆಸರು ಇಲ್ಲಿಯೇ ಉಂಟು ನೋಡಿ’ ಅಂತ ಹೇಳಿದೆ. ಅವರು ಪೂರ್ತಿ ಓದಿದ್ರು, ಒಳಗೆ ಹೋಗಿ ವಿಚಾರಿಸಿ ಬಂದ್ರು, ಮತ್ತೆ ಏನೂ ತಕರಾರು ಮಾಡ್ಲಿಲ್ಲ. ಒಳ್ಳೇ ಮನುಷ್ಯ. ಒಂದನೇ ಕ್ಲಾಸಿಂದ ಎಲ್ಲೆಲ್ಲಿ ಓದಿದ್ದು ಅಂತ ಶಾಲೆಯಿಂದ ಸ್ಟಡಿ ಸರ್ಟಿಫಿಕೇಟ್ ಮೊದಲೇ ಮಾಡಿಸಿಡಿ, ಶಾಲೆಗೆ ರಜೆ ಸಿಕ್ಕಿದ ಮೇಲೆ ಹೆಡ್‌ಮಾಷ್ಟ್ರನ್ನು ಹುಡ್ಕುವುದು ಕಷ್ಟ.

ಗಡಿನಾಡಿನವರಿಗೆ ಸಿಇಟಿ ಒಟ್ಟಿಗೆ ಕನ್ನಡ ಭಾಷಾ ಪರೀಕ್ಷೆಯೂ ಇರ್ತದೆ, 50 ಅಂಕದ್ದು, 12 ಬಂದ್ರೆ ಪಾಸ್. ಕನ್ನಡ ಮೀಡಿಯಂನವರಿಗೆ ಏನೇನೂ ಕಷ್ಟ ಇಲ್ಲ. ಆದ್ರೆ ಮನೆಯಲ್ಲಿ ತುಳುವೋ ಹವ್ಯಕವೋ ಮಾತಾಡಿ, ಶಾಲೆಯಲ್ಲಿ ಇಂಗ್ಲಿಷ್ ಮೀಡಿಯಂ ಓದಿದವರು ಒತ್ತಕ್ಷರ ಬರ್ದು ಅಭ್ಯಾಸ ಮಾಡ್ಕೊಂಡೇ ಹೋಗಿ.

ಪರೀಕ್ಷೆಗಳ ಸ್ವಭಾವ ಒಂದಕ್ಕೊಂದು ಸಂಬಂಧ ಇಲ್ಲ. ಕೀಮ್ 2024ರಲ್ಲಿ ಮೊದಲ ಸಲ ಕಂಪ್ಯೂಟರಿನಲ್ಲಿ ನಡೆದದ್ದು, ಮೂರು ಗಂಟೆಗೆ 150 ಪ್ರಶ್ನೆ, ಅದರಲ್ಲಿ ಮ್ಯಾಥ್ಸ್ 75, ಫಿಸಿಕ್ಸ್ 45, ಕೆಮಿಸ್ಟ್ರಿ 30, ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಟ್. ಅಂದ್ರೆ ಅರ್ಧ ಪೇಪರ್ ಮ್ಯಾಥ್ಸೇ. ಸಿಇಟಿಯಲ್ಲಿ ಮೂರು ಸಬ್ಜೆಕ್ಟಿಗೂ 60, ಒಂದೊಂದಕ್ಕೆ 80 ನಿಮಿಷ, ಓಎಮ್‌ಆರ್, ನೆಗೆಟಿವ್ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡ್ಬಾರ್ದು. ನಾನು ಕೋಚಿಂಗಿಗೆ ಹೋಗ್ಲಿಲ್ಲ, ಹಳೇ ಕೀಮ್ ಪೇಪರಿನ ಮ್ಯಾಥ್ಸ್ ಒಂದನ್ನೇ ಗಡಿಯಾರ ಇಟ್ಟು ಮಾಡ್ತಿದ್ದೆ, ವೆಕ್ಟರ್, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಮೊದಲು, ಇಂಟಿಗ್ರೇಶನ್ ಕೊನೆಗೆ. ಎರಡು ಕಡೆಯೂ ರ‍್ಯಾಂಕಿಗೆ ಪ್ಲಸ್ ಟು ಅಂಕವೂ ಸೇರ್ತದೆ, ಎಂಟ್ರೆನ್ಸ್ ಅಂತ ಬೋರ್ಡ್ ಪರೀಕ್ಷೆಯನ್ನು ಬಿಟ್ಟು ಬಿಡ್ಬೇಡಿ. ಕೇರಳ ಬೋರ್ಡಿನವರು ಕೆಇಎ ಪೋರ್ಟಲಿನಲ್ಲಿ ಪ್ಲಸ್ ಟು ಅಂಕ ತಾವೇ ಹಾಕ್ಬೇಕು, ಇಲ್ಲದಿದ್ರೆ ಪರೀಕ್ಷೆ ಬರ್ದೂ ರ‍್ಯಾಂಕ್ ಬರುವುದಿಲ್ಲ.

ಜೆಇಇ ಬರಿಯುವವರಿಗೆ ಎರಡು ಮಾತು. ಕನ್ನಡದಲ್ಲಿ ಪ್ರಶ್ನೆ ಪತ್ರಿಕೆ ಬೇಕಾದ್ರೆ ಸೆಂಟರ್ ಕರ್ನಾಟಕದ್ದೇ ಹಾಕ್ಬೇಕು, ನಮಗೆ ಮಂಗಳೂರು ಹತ್ರ ಆಗ್ತದೆ, ಕನ್ನಡದೊಟ್ಟಿಗೆ ಇಂಗ್ಲಿಷೂ ಬರ್ತದೆ. ಇನ್ನೊಂದು, ಸುರತ್ಕಲ್ ಎನ್‌ಐಟಿ ಎಷ್ಟು ಹತ್ರ ಇದ್ರೂ ಹೋಮ್ ಸ್ಟೇಟ್ ಕೋಟಾ (ಆಯಾ ರಾಜ್ಯದವರಿಗೆ ಇಟ್ಟ ಸೀಟು) ನಿಮಗೆ ಸಿಗುವುದು ಕಲ್ಲಿಕೋಟೆ ಎನ್‌ಐಟಿಯಲ್ಲಿ, ಯಾಕಂದ್ರೆ ಅವರು ನೋಡುವುದು ಹನ್ನೆರಡನೇ ಕ್ಲಾಸ್ ಪಾಸಾದ ರಾಜ್ಯ.

ಆಪ್ಷನ್, ಅಂದ್ರೆ ಬೇಕಾದ ಕಾಲೇಜು ಬ್ರಾಂಚ್‌ಗಳ ಪಟ್ಟಿ ಕೊಡುವ ಹೊತ್ತಿಗೆ ನಾನು ಅದರ ಹಿಂದಿನ ವರ್ಷದ ಲಾಸ್ಟ್ ರ‍್ಯಾಂಕ್ (ಕೊನೆಯ ಸೀಟು ಸಿಕ್ಕಿದ ರ‍್ಯಾಂಕ್) ಪಟ್ಟಿ ಡೌನ್‌ಲೋಡ್ ಮಾಡಿ, ಕಾಲೇಜು, ಬ್ರಾಂಚ್, ನಮ್ಮ ಕೆಟಗರಿಯ ರ‍್ಯಾಂಕ್ ಅಂತ ಒಂದು ಶೀಟ್ ಮಾಡಿದೆ. ಕೀಮ್‌ನಲ್ಲಿ ಒಂದು ಆಪ್ಷನ್ ಸಿಕ್ಕಿದ್ರೆ ಅದಕ್ಕಿಂತ ಕೆಳಗಿನವು ತಾನಾಗಿ ಹೋಗ್ತವೆ, ಮೇಲಿನವು ಮುಂದಿನ ರೌಂಡಿಗೆ ಇರ್ತವೆ, ಹಾಗಾಗಿ ಸಿಗುವ ಚಾನ್ಸ್ ನೋಡಿ ಅಲ್ಲ, ನಿಜವಾಗಿ ಬೇಕಾದ ಕ್ರಮದಲ್ಲೇ ಹಾಕ್ಬೇಕು. ಬ್ರಾಂಚ್ ಹೆಸರಿನಲ್ಲಿ ಎಐ, ಡೇಟಾ ಸೈನ್ಸ್ ಅಂತೆಲ್ಲ ಇರ್ತದೆ, ಮನೆಯವರು ಅದಕ್ಕೇ ಆಸೆ ಪಡ್ತಾರೆ. ನಾನು ಯೂನಿವರ್ಸಿಟಿ ಸೈಟಿಂದ ಸಿಲೆಬಸ್ ತೆಗ್ದು ಪಕ್ಕಪಕ್ಕ ಇಟ್ಟು ನೋಡಿದೆ, ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಎಲ್ಲದ್ರಲ್ಲೂ ಉಂಟು. ಬುಡ ಅದೇ ಆದ್ದರಿಂದ ಸಾದಾ ಕಂಪ್ಯೂಟರ್ ಸೈನ್ಸೇ ಸಾಕು ಅಂತ ನನ್ನ ಅಭಿಪ್ರಾಯ. ಎಂಟ್ರೆನ್ಸ್ ಸರಿ ಆಗದಿದ್ರೆ ಅಂತ ಕಣ್ಣೂರು ಯೂನಿವರ್ಸಿಟಿಯ ಸಿಂಗಲ್ ವಿಂಡೋದಲ್ಲಿ (ಎಲ್ಲ ಕಾಲೇಜಿಗೆ ಒಂದೇ ಅಪ್ಲಿಕೇಶನ್) ಬಿಸಿಎಗೂ ಹಾಕಿದ್ದೆ. ಈಗ ಅದೂ ನಾಲ್ಕು ವರ್ಷದ ಕೋರ್ಸ್, ಮೂರಕ್ಕೆ ಡಿಗ್ರಿ ತಗೊಂಡು ಹೊರಗೆ ಬರ್ಲಿಕ್ಕೂ ಆಗ್ತದೆ. ಪ್ರೋಗ್ರಾಮಿಂಗ್ ಇಷ್ಟ ಇದ್ದು ಫಿಸಿಕ್ಸ್ ಬೇಡ ಅನ್ನುವವರಿಗೆ ಅದು ಒಳ್ಳೇ ದಾರಿ, ಕಡಿಮೆ ಅಂತ ಭಾವಿಸ್ಬೇಡಿ.

ಕೊನೆಗೆ ಎರಡು ಕಡೆಯೂ ಸೀಟು ಬಂತು. ನಮ್ಮ ಮನೆ ಮುಂದಿನದ್ದು ಚೆರ್ಕಳ ಜಾಲ್ಸೂರು ರೋಡ್, ಈ ಕಡೆ ಹೋದ್ರೆ ಪೊವ್ವಲ್, ಆ ಕಡೆ ಹೋದ್ರೆ ಗಡಿ ದಾಟಿ ಸುಳ್ಯ. ಅಪ್ಪನಿಗೆ ಕರ್ನಾಟಕದಲ್ಲಿ ಓದ್ಲಿ, ಕನ್ನಡದವರ ಮಧ್ಯೆ ಇರ್ಲಿ ಅಂತ ಇತ್ತು. ಆದ್ರೆ ಅಲ್ಲಿ ನನಗೆ ಸಿಕ್ಕಿದ್ದು ಹಾಸ್ಟೆಲಿನಲ್ಲಿ ನಿಲ್ಬೇಕಾದಷ್ಟು ದೂರದ ಕಾಲೇಜು. ಫೀಸ್, ಹಾಸ್ಟೆಲ್, ಇಲ್ಲಿಯ ಇ-ಗ್ರಾಂಟ್ಸ್ (ಕೇರಳ ಸರಕಾರದ ಸ್ಕಾಲರ್‌ಶಿಪ್) ಎಲ್ಲ ಲೆಕ್ಕ ಹಾಕಿ, ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ಪೊವ್ವಲ್ ಸಾಕು ಅಂತ ನಾನೇ ಹೇಳಿದೆ, ಅಪ್ಪ ರಾತ್ರಿ ಆ ಶೀಟ್ ಇನ್ನೊಮ್ಮೆ ನೋಡಿ ಒಪ್ಪಿದ್ರು. ಕೆಇಎಯಲ್ಲಿ ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಇರ್ತದೆ, ನಾಲ್ಕನೆಯದು ಪೂರ್ತಿ ಹೊರಗೆ ಬರುವುದು, ಅದನ್ನೇ ಒತ್ತಿದೆ. ಟಿಸಿ ಮತ್ತು ಒರಿಜಿನಲ್ ಎಲ್ಲ ಕಾಲೇಜಿಗೆ ಕೊಡುವ ಮೊದಲು ಒಂದೊಂದನ್ನೂ ಸ್ಕ್ಯಾನ್ ಮಾಡಿಟ್ಕೊಳ್ಳಿ, ಸ್ಕಾಲರ್‌ಶಿಪ್ ಅಪ್ಲಿಕೇಶನ್ನಿಗೆ ಮತ್ತೆ ಅದೇ ಬೇಕಾಗ್ತದೆ. ಗಡಿನಾಡಿನ ಫಾರ್ಮ್ ಬಗ್ಗೆ ಸಂಶಯ ಇದ್ರೆ ನನಗೆ ಮೆಸೇಜ್ ಮಾಡಿ, ಹೈಲೈಟರ್ ಎಳ್ದ ಆ ಪುಟ ಕಳಿಸ್ತೇನೆ, ಆದ್ರೆ ಅಪ್ಲೈ ಮಾಡುವ ವರ್ಷದ ಬ್ರೋಷರಿನ ಜೊತೆ ಒಮ್ಮೆ ತಾಳೆ ನೋಡ್ಕೊಂಡೇ ಹೋಗಿ.